ಪಿಯುಸಿ ಮೋಲ್ ಕಿಟ್: ತಕ್ಕಡಿ ಪಾಸ್, ಸಿರಿಂಜ್ ಡಿಸ್ಟಿಂಕ್ಷನ್, ಕೈಪಿಡಿ ಸಪ್ಲಿಮೆಂಟರಿ

ಪ್ರಥಮ ಪಿಯುಸಿ ರಸಾಯನಶಾಸ್ತ್ರದಲ್ಲಿ ಮಕ್ಕಳು ಮೊದಲು ಮುಗ್ಗರಿಸುವುದು ಲಿಮಿಟಿಂಗ್ ರಿಯೇಜೆಂಟ್ ಲೆಕ್ಕದಲ್ಲಿ, ಅಂದರೆ ಕ್ರಿಯೆಯಲ್ಲಿ ಯಾವ ಪದಾರ್ಥ ಮೊದಲು ಮುಗಿದು ಉತ್ಪನ್ನಕ್ಕೆ ಮಿತಿ ಹಾಕುತ್ತದೆ ಎಂಬ ಲೆಕ್ಕದಲ್ಲಿ. ಅದೊಂದೇ ವಿಷಯವನ್ನು ಹಿಡಿದು ಮಾಡಿದ ಪ್ರಯೋಗದ ಪೆಟ್ಟಿಗೆಯೊಂದು ಬೆಂಗಳೂರಿನಲ್ಲಿ ಲ್ಯಾಬ್ ಸಾಮಾನು ಮಾರುವ ಅಂಗಡಿಯೊಂದರಲ್ಲಿ 1,850 ರೂಪಾಯಿಗೆ ಸಿಗುತ್ತಿದೆ. ಇಂಥ ಪೆಟ್ಟಿಗೆಗಳಲ್ಲಿ ಮೇಲಿನ ಲೇಬಲ್ಲಿಗಿಂತ ಒಳಗಿನ ಸಾಮಾನು ಮುಖ್ಯ, ಹಾಗಾಗಿ ಹೆಸರು ಬಿಟ್ಟು ಸಾಮಾನಿನ ಬಗ್ಗೆಯೇ ಬರೆಯುತ್ತೇವೆ.

ತೀರ್ಪು ಮೊದಲೇ ಹೇಳಿಬಿಡೋಣ. ಸಾಮಾನು ಒಳ್ಳೆಯದು, ಪ್ರಯೋಗಗಳ ಆಯ್ಕೆ ಇನ್ನೂ ಒಳ್ಳೆಯದು. ಕೈಪಿಡಿ ಮಾತ್ರ ಯಾವುದೋ ಕಡಲತೀರದ ಊರಿಗೆ ಬರೆದಂತಿದೆ. ಅದರಲ್ಲಿರುವ ಅಂಕಿಗಳನ್ನು ಹಾಗೇ ನಂಬಿ ಬೆಂಗಳೂರಿನಲ್ಲಿ ಪ್ರಯೋಗ ಮಾಡಿದರೆ ಒಂದು ಕಡೆ ಉತ್ತರ ಕಾಲುಭಾಗ ಹೆಚ್ಚು ಬರುತ್ತದೆ, ಇನ್ನೊಂದು ಕಡೆ ಕಾಲುಭಾಗ ಕಡಿಮೆ ಬರುತ್ತದೆ. ಎರಡಕ್ಕೂ ಕಾರಣ ವಿದ್ಯಾರ್ಥಿಯ ಕೈಯಲ್ಲ.

ಪೆಟ್ಟಿಗೆಯಲ್ಲಿರುವುದು ಇಷ್ಟು: 200 ಗ್ರಾಂವರೆಗೆ ತೂಗುವ, 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ; 100 ಮಿ.ಲೀ. ಪ್ಲಾಸ್ಟಿಕ್ ಗ್ಯಾಸ್ ಸಿರಿಂಜ್. 250 ಮತ್ತು 100 ಮಿ.ಲೀ. ಕೋನಿಕಲ್ ಫ್ಲಾಸ್ಕ್ ಒಂದೊಂದು; ಆ ಫ್ಲಾಸ್ಕಿನೊಳಗೆ ನಿಲ್ಲಿಸುವ ಪುಟ್ಟ ಗಾಜಿನ ಸೀಸೆ; ರಬ್ಬರ್ ಬಿರಡೆ, ಕೊಳವೆ, ಬಲೂನುಗಳು, ಫಿಲ್ಟರ್ ಪೇಪರ್, ಲಾಳಿಕೆ. ರಾಸಾಯನಿಕಗಳ ಪೈಕಿ ಒಂದು ಮೀಟರ್ ಮೆಗ್ನೀಸಿಯಂ ರಿಬ್ಬನ್, 2 ಮೋಲಾರ್ (ಲೀಟರಿಗೆ 2 ಮೋಲ್; ಮೋಲ್ ಎಂದರೆ ಕಣಗಳನ್ನು ಎಣಿಸುವ ಅಳತೆ, ಡಜನ್ ಇದ್ದಂತೆ) ಹೈಡ್ರೋಕ್ಲೋರಿಕ್ ಆಮ್ಲ, ಅಡುಗೆ ಸೋಡಾ, ಕ್ಯಾಲ್ಸಿಯಂ ಕ್ಲೋರೈಡ್, ನೀರಿನಂಶವಿಲ್ಲದ ಸೋಡಿಯಂ ಕಾರ್ಬೊನೇಟ್, ಮೈಲುತುತ್ತ (ಕಾಪರ್ ಸಲ್ಫೇಟ್), ಸ್ಟೀಲ್ ವುಲ್ (ಕಬ್ಬಿಣದ ಎಳೆಗಳ ಉಂಡೆ). ವಿನೆಗರ್ ಮತ್ತು ಡಿಸ್ಟಿಲ್ಡ್ ವಾಟರ್ ನಾವೇ ತಂದುಕೊಳ್ಳಬೇಕು. ಕಣ್ಣಿಗೆ ಹಾಕುವ ಗಾಗಲ್ ಒಂದೇ ಒಂದು ಇದೆ. ಜೊತೆಯಲ್ಲಿ ಕೂತು ನೋಡುವವರಿಗೂ ಕಣ್ಣಿರುತ್ತದೆ, ಇನ್ನೊಂದು ಕೊಡಬಹುದಿತ್ತು.

ಸಿರಿಂಜ್ ಪ್ರಯೋಗ

ಮೆಗ್ನೀಸಿಯಂ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಸೇರಿದರೆ ಹೈಡ್ರೋಜನ್ ಬರುತ್ತದೆ. ಒಂದು ಮೋಲ್ ಲೋಹಕ್ಕೆ ಎರಡು ಮೋಲ್ ಆಮ್ಲ, ಹೊರಬರುವುದು ಒಂದು ಮೋಲ್ ಹೈಡ್ರೋಜನ್. ಒಂದಕ್ಕೆ ಎರಡು ಎಂಬ ಅನುಪಾತವನ್ನು ಕಣ್ಣೆದುರು ನಿಲ್ಲಿಸಲು ಇದಕ್ಕಿಂತ ಚೊಕ್ಕವಾದ ಪ್ರಯೋಗ ಪಿಯು ಮಟ್ಟದಲ್ಲಿ ಇಲ್ಲ ಎಂದೇ ಹೇಳಬಹುದು. ಪೆಟ್ಟಿಗೆಗೆ ಕೊಟ್ಟ ದುಡ್ಡು ಸಾರ್ಥಕವಾಗುವುದೂ ಇಲ್ಲೇ, ಕೈಪಿಡಿ ಕೈಕೊಡುವುದೂ ಇಲ್ಲೇ.

ಕೈಪಿಡಿ ಹೇಳುವ ಕ್ರಮ ಹೀಗಿದೆ. 0.10 ಗ್ರಾಂ ಮೆಗ್ನೀಸಿಯಂ ತೆಗೆದುಕೊಳ್ಳಿ, 10 ಮಿ.ಲೀ. ಆಮ್ಲ ಹಾಕಿ, 92 ಮಿ.ಲೀ. ಹೈಡ್ರೋಜನ್ ಬರುತ್ತದೆ, 100 ಮಿ.ಲೀ. ಸಿರಿಂಜಿನಲ್ಲಿ ಹಿಡಿಸುತ್ತದೆ. ಲೆಕ್ಕ ಎಲ್ಲಿಂದ ಬಂತು ಎನ್ನುವುದು ಸ್ಪಷ್ಟ: 0.10 ಗ್ರಾಂ ಎಂದರೆ 4.1 ಮಿಲಿಮೋಲ್, ಅದನ್ನು 22.4ರಿಂದ ಗುಣಿಸಿದರೆ 92. ಆದರೆ ಒಂದು ಮೋಲ್ ಅನಿಲಕ್ಕೆ 22.4 ಲೀಟರ್ ಎನ್ನುವುದು ಸೊನ್ನೆ ಡಿಗ್ರಿ ಸೆಲ್ಸಿಯಸ್, ಒಂದು ಅಟ್ಮಾಸ್ಫಿಯರ್ ಒತ್ತಡದ ಮಾತು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ 101 ಕಿಲೋಪ್ಯಾಸ್ಕಲ್ ಅಲ್ಲ, 91ರ ಆಸುಪಾಸು. ಕೋಣೆಯ ಬಿಸಿ 27 ಡಿಗ್ರಿ ಎಂದಿಟ್ಟುಕೊಂಡರೆ ಒಂದು ಮೋಲ್ ಒಣ ಅನಿಲಕ್ಕೆ ಇಲ್ಲಿ 27.4 ಲೀಟರ್ ಬೇಕು. ಫ್ಲಾಸ್ಕಿನಲ್ಲಿ ನೀರಿರುವುದರಿಂದ ಅನಿಲದ ಜೊತೆ ನೀರಾವಿಯೂ ಸೇರುತ್ತದೆ. 27 ಡಿಗ್ರಿಯಲ್ಲಿ ಅದರ ಪಾಲು 3.6 ಕಿಲೋಪ್ಯಾಸ್ಕಲ್. ಅದನ್ನು ಕಳೆದು ಲೆಕ್ಕ ಹಾಕಿದರೆ ಒಂದು ಮೋಲ್ ಹೈಡ್ರೋಜನ್ ಜಾಗ ಹಿಡಿಯುವುದು ಸುಮಾರು 28.5 ಲೀಟರ್.

ಅಂದರೆ ಕೈಪಿಡಿಯ 92 ಮಿ.ಲೀ. ಇಲ್ಲಿ 117 ಮಿ.ಲೀ. ಆಗುತ್ತದೆ. ನೂರರ ಸಿರಿಂಜಿನಲ್ಲಿ ನೂರಾ ಹದಿನೇಳು ಹಿಡಿಸುವುದಿಲ್ಲ, ಪಿಸ್ಟನ್ ಕಳಚಿ ಹೊರಗೆ ಬೀಳುತ್ತದೆ. ಹೈಡ್ರೋಜನ್ ಕೋಣೆಗೆ ಹೋಗುತ್ತದೆ. ಪ್ರಯೋಗವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಗ್ಯಾಸ್ ಒಲೆಯ ಪಕ್ಕ ಮಾಡುತ್ತಿದ್ದರೆ ಇದು ಬರೀ ಅಂಕಿಯ ತಪ್ಪಲ್ಲ. ಉರಿಯುವ ಒಲೆ, ದೇವರ ದೀಪ ಎರಡರಿಂದಲೂ ದೂರ ಕೂತು, ಕಿಟಕಿ ತೆರೆದು ಮಾಡಬೇಕು.

ಇದಕ್ಕೆ ಇನ್ನೊಂದು ತಾಪತ್ರಯ ಸೇರಿಕೊಳ್ಳುತ್ತದೆ. ಒಂದು ಮೋಲ್ ಮೆಗ್ನೀಸಿಯಂ ಆಮ್ಲದಲ್ಲಿ ಕರಗುವಾಗ ಸುಮಾರು 467 ಕಿಲೋಜೂಲ್ ಶಾಖ ಬಿಡುತ್ತದೆ. 4.1 ಮಿಲಿಮೋಲಿನ ಶಾಖ ಪೂರ್ತಿ 10 ಮಿ.ಲೀ. ದ್ರಾವಣದಲ್ಲೇ ಉಳಿದರೆ ಅದು 45 ಡಿಗ್ರಿಯಷ್ಟು ಬಿಸಿಯೇರಬೇಕು. ಗಾಜಿಗೂ ಗಾಳಿಗೂ ಸ್ವಲ್ಪ ಹೋಗುತ್ತದೆ, ನಿಜ. ಉಳಿದದ್ದು ಫ್ಲಾಸ್ಕಿನಲ್ಲಿ ಮೊದಲೇ ಇದ್ದ ಗಾಳಿಯನ್ನು ಹಿಗ್ಗಿಸಿ ಸಿರಿಂಜಿಗೆ ತಳ್ಳುತ್ತದೆ. ಕೂಡಲೇ ಓದಿಕೊಂಡರೆ ಹೈಡ್ರೋಜನ್ ಜೊತೆ ಬಿಸಿ ಗಾಳಿಯನ್ನೂ ಅಳೆದಂತಾಯಿತು.

ಬೆಂಗಳೂರಿಗೆ ಹೊಂದುವ ಕ್ರಮ ಇದು. ಮೆಗ್ನೀಸಿಯಂ 3 ಮಿಲಿಮೋಲ್, ಅಂದರೆ 0.073 ಗ್ರಾಂ ಸಾಕು. ಇಷ್ಟನ್ನು ಈ ತಕ್ಕಡಿಯಲ್ಲಿ ನೇರವಾಗಿ ತೂಗಬಾರದು, 0.07ರಲ್ಲಿ 0.01 ಆಚೀಚೆಯಾದರೆ ಶೇಕಡಾ 14ರ ತಪ್ಪು. ಬದಲಿಗೆ ರಿಬ್ಬನ್ನಿನ ಮೇಲಿನ ಬೂದು ಪದರವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು, ಪೂರ್ತಿ ಒಂದು ಮೀಟರ್ ತೂಗಿ, ಉದ್ದದ ಲೆಕ್ಕದಲ್ಲಿ ಕತ್ತರಿಸಬೇಕು. ಈ ಪೆಟ್ಟಿಗೆಯ ರಿಬ್ಬನ್ ಮೀಟರಿಗೆ 1.04 ಗ್ರಾಂ ಇದೆ. ಹಾಗಾಗಿ 7 ಸೆಂಟಿಮೀಟರ್ ತುಂಡು ಎಂದರೆ 3 ಮಿಲಿಮೋಲ್. ಸ್ಕೇಲಿನಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಶೇಕಡಾ ಒಂದಕ್ಕಿಂತ ಕಡಿಮೆ ವ್ಯತ್ಯಾಸ. ಇದೊಂದು ಉಪಾಯವನ್ನು ಕೈಪಿಡಿ ಯಾಕೆ ಹೇಳಲಿಲ್ಲವೋ ತಿಳಿಯದು, ಯಾವ ಕಾಲೇಜಿನ ಲ್ಯಾಬ್ ಅಸಿಸ್ಟೆಂಟರಾದರೂ ಹೇಳುತ್ತಿದ್ದರು.

ತುಂಡನ್ನು 100 ಮಿ.ಲೀ. ಫ್ಲಾಸ್ಕಿಗೆ ಹಾಕಿ. ಆಮ್ಲವನ್ನು ಪುಟ್ಟ ಸೀಸೆಯಲ್ಲಿ ಅಳೆದು, ಫ್ಲಾಸ್ಕಿನೊಳಗೆ ನೆಟ್ಟಗೆ ನಿಲ್ಲಿಸಿ. ಆಮ್ಲ ಮತ್ತು ನೀರು ಸೇರಿ ಒಟ್ಟು 20 ಮಿ.ಲೀ. ಆಗುವಷ್ಟು ನೀರನ್ನು ಫ್ಲಾಸ್ಕಿಗೆ ಮೊದಲೇ ಹಾಕಿರಬೇಕು. ಆಗ ಬಿಸಿ ಹೆಚ್ಚೆಂದರೆ 17 ಡಿಗ್ರಿ ಏರುತ್ತದೆ. ಬಿರಡೆ ಬಿಗಿ ಮಾಡಿ, ಸಿರಿಂಜ್ ಸೊನ್ನೆಯಲ್ಲಿದೆ ಎಂದು ನೋಡಿಕೊಂಡು, ಫ್ಲಾಸ್ಕನ್ನು ವಾಲಿಸಿ ಸೀಸೆ ಉರುಳಿಸಿ. ಈ ಸೀಸೆಯ ಏರ್ಪಾಡು ಇಡೀ ಪೆಟ್ಟಿಗೆಯಲ್ಲೇ ಜಾಣತನದ ಭಾಗ. ಆಮ್ಲವನ್ನು ಹೊರಗಿನಿಂದ ಇನ್ನೊಂದು ಸಿರಿಂಜಿನಲ್ಲಿ ಚುಚ್ಚುವ ಕಿಟ್‌ಗಳಲ್ಲಿ, ಒಳಗೆ ಹೋದ ದ್ರವ ಅಷ್ಟೇ ಗಾಳಿಯನ್ನು ಹೊರಗೆ ತಳ್ಳುತ್ತದೆ, ಅದನ್ನು ಕಳೆಯಲು ಎಲ್ಲರೂ ಮರೆಯುತ್ತಾರೆ. ಇಲ್ಲಿ ಆ ರಗಳೆ ಇಲ್ಲ.

ಆಮ್ಲವನ್ನು 1, 2, 3, 4 ಮಿ.ಲೀ. ಎಂದು ಬದಲಿಸುತ್ತಾ ಹೋಗಿ, ಪ್ರತಿ ಸಲವೂ ಹೊಸ 7 ಸೆಂಟಿಮೀಟರ್ ತುಂಡು. ಬರಬೇಕಾದ ಅನಿಲ ಕ್ರಮವಾಗಿ ಸುಮಾರು 28, 57, 85, ಮತ್ತೆ 85 ಮಿ.ಲೀ. ಮೂರನೆಯದರ ನಂತರ ಆಮ್ಲ ಹೆಚ್ಚಿಸಿದರೂ ಅನಿಲ ಹೆಚ್ಚುವುದಿಲ್ಲ. ಮೊದಲ ಎರಡರಲ್ಲಿ ಲೋಹದ ತುಂಡು ಉಳಿದಿರುತ್ತದೆ, ನಾಲ್ಕನೆಯದರಲ್ಲಿ ಆಮ್ಲ ಉಳಿದಿರುತ್ತದೆ, ಮೂರನೆಯದರಲ್ಲಿ ಎರಡೂ ಒಟ್ಟಿಗೆ ಮುಗಿಯುತ್ತವೆ. ಗ್ರಾಫ್ ಹಾಳೆಯಲ್ಲಿ ಗೆರೆ ಏರಿ ಮಟ್ಟವಾಗುವ ಆ ಮೂಲೆಯೇ ಮೋಲ್ ಅನುಪಾತ: 3 ಮಿಲಿಮೋಲ್ ಲೋಹ, 6 ಮಿಲಿಮೋಲ್ ಆಮ್ಲ.

ಎಡವುವ ಜಾಗಗಳು ಇನ್ನೂ ಎರಡಿವೆ. ಮೂರು ಮಿ.ಲೀ. ಪ್ರಯೋಗದಲ್ಲಿ ಕೊನೆಕೊನೆಗೆ ಆಮ್ಲ ತೆಳುವಾಗಿ ಗುಳ್ಳೆ ನಿಧಾನವಾಗುತ್ತದೆ; ನಿಂತೇಹೋಯಿತು ಎಂದು ಓದಿಕೊಂಡರೆ 75–80 ಸಿಕ್ಕೀತು. ಹತ್ತು ನಿಮಿಷವಾದರೂ ಬಿಟ್ಟು, ಆಗಾಗ ಅಲುಗಿಸಿ, ಫ್ಲಾಸ್ಕಿನ ತಳ ಕೈಗೆ ತಣ್ಣಗೆ ತಾಗಿದ ಮೇಲೆ ಓದಬೇಕು. ಎರಡನೆಯದು ಸಿರಿಂಜಿನ ಘರ್ಷಣೆ. ಗಾಜಿನ ಸಿರಿಂಜ್ ತಾನಾಗಿ ಜಾರುತ್ತದೆ, ಪ್ಲಾಸ್ಟಿಕ್ಕಿನದು ರಬ್ಬರ್ ಹಿಡಿದುಕೊಂಡು ಅಡ್ಡಾದಿಡ್ಡಿ ನಿಲ್ಲುತ್ತದೆ. ಓದುವ ಮೊದಲು ಪಿಸ್ಟನ್ನನ್ನು ಒಂದು ಸುತ್ತು ತಿರುಗಿಸಿ ಬಿಡಿ, ಎರಡು ಹನಿ ಸಿಲಿಕೋನ್ ಎಣ್ಣೆ ಸವರಿದರೆ ಇನ್ನೂ ವಾಸಿ. ಕೊಬ್ಬರಿ ಎಣ್ಣೆ ಬೇಡ, ರಬ್ಬರ್ ಉಬ್ಬುತ್ತದೆ.

ಒತ್ತಡದ ಬಗ್ಗೆ ಒಂದು ಎಚ್ಚರಿಕೆ. ಫೋನಿನ ಹವಾಮಾನ ಆ್ಯಪ್ ಬೆಂಗಳೂರಿಗೂ 1,010 ಹೆಕ್ಟೋಪ್ಯಾಸ್ಕಲ್ ಸುತ್ತಮುತ್ತ ತೋರಿಸುತ್ತದೆ. ಅದು ಸಮುದ್ರ ಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಅಂಕಿ, ನಮ್ಮ ಟೇಬಲ್ಲಿನ ಮೇಲಿರುವ ಒತ್ತಡವಲ್ಲ. ಬ್ಯಾರೋಮೀಟರ್ ಸೆನ್ಸರ್ ಇರುವ ಫೋನಾದರೆ ಅದರ ನೇರ ಓದು 910ರ ಹತ್ತಿರ ಇರುತ್ತದೆ. ಬೇಕಾದದ್ದು ಅದೇ.

ತಕ್ಕಡಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿ ಸಿಗುವ, ಚಿನ್ನ ತೂಗಲು ಇಟ್ಟುಕೊಳ್ಳುವ ಅದೇ ಜಾತಿಯ ತಕ್ಕಡಿ. ಪಿಯು ಮಟ್ಟಕ್ಕೆ ಸಾಕು. ಆದರೆ ಇಂಥ ತಕ್ಕಡಿಗಳಿಗೊಂದು ಚಾಳಿಯಿದೆ: ಸೊನ್ನೆಯ ಹತ್ತಿರ ಆಗುವ ತೀರಾ ನಿಧಾನದ ಬದಲಾವಣೆಯನ್ನು ಅವು ತಮ್ಮದೇ ಅಲುಗಾಟ ಎಂದು ತಿಳಿದು ಮತ್ತೆ ಸೊನ್ನೆಗೆ ತಂದುಬಿಡುತ್ತವೆ. ಕಾಗದವನ್ನಿಟ್ಟು ಟೇರ್ (ತೂಕವನ್ನು ಸೊನ್ನೆ ಮಾಡುವ ಗುಂಡಿ) ಒತ್ತಿ, ಸೋಡಾ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಮೊದಲ ಹತ್ತಿಪ್ಪತ್ತು ಮಿಲಿಗ್ರಾಂ ಲೆಕ್ಕಕ್ಕೇ ಬರುವುದಿಲ್ಲ. ಟೇರ್ ಒತ್ತದೆ, ಪಾತ್ರೆಯ ತೂಕ ಬರೆದುಕೊಂಡು ಆಮೇಲೆ ಕಳೆಯುವುದು ಸುರಕ್ಷಿತ. ಫ್ಯಾನ್ ಆರಿಸಿ. ಒಂದು ನಿಮಿಷ ಮುಟ್ಟದಿದ್ದರೆ ತಕ್ಕಡಿ ತಾನೇ ಆಫ್ ಆಗುತ್ತದೆ. ಕ್ರಿಯೆ ನಡೆಯುತ್ತಿರುವಾಗ ತೂಕ ಇಳಿಯುವುದನ್ನು ನೋಡಬೇಕೆಂದರೆ ಇದು ಕಿರಿಕಿರಿ. 100 ಗ್ರಾಂ ಕ್ಯಾಲಿಬ್ರೇಶನ್ ಬಟ್ಟು ಕೊಟ್ಟಿರುವುದು ಮೆಚ್ಚತಕ್ಕದ್ದು.

ಬಲೂನು, ವಿನೆಗರ್, ಸೋಡಾ

ಎಲ್ಲ ಕಿಟ್‌ಗಳಲ್ಲೂ ಇರುವ ಪ್ರಯೋಗ. ಇಲ್ಲಿ ಅದನ್ನು ಸ್ವಲ್ಪ ಗಂಭೀರವಾಗಿ ಮಾಡಿಸಿದ್ದಾರೆ. 50 ಮಿ.ಲೀ. ವಿನೆಗರ್, ಅದಕ್ಕೆ 0.7, 1.4, 2.1, 2.8, 3.5, 4.2 ಗ್ರಾಂ ಸೋಡಾ. ಲೇಬಲ್ಲಿನಲ್ಲಿ ಶೇಕಡಾ 4 ಎಂದಿರುವ ವಿನೆಗರ್‌ನ 50 ಮಿ.ಲೀ.ನಲ್ಲಿ 2 ಗ್ರಾಂ ಅಸಿಟಿಕ್ ಆಮ್ಲ, ಎಂದರೆ 0.0333 ಮೋಲ್. ಸೋಡಾದ ಮೋಲಾರ್ ದ್ರವ್ಯರಾಶಿ, ಅಂದರೆ ಒಂದು ಮೋಲಿನ ತೂಕ, 84 ಗ್ರಾಂ. ಒಂದಕ್ಕೊಂದು ಅನುಪಾತವಾದ್ದರಿಂದ 2.8 ಗ್ರಾಂ ಸೋಡಾದಲ್ಲಿ ಎರಡೂ ಸರಿಸಮ ಮುಗಿಯಬೇಕು. ಅದರಾಚೆ ಸೋಡಾ ತಳದಲ್ಲಿ ಉಳಿಯುತ್ತದೆ ಅಥವಾ ಕರಗಿ ಸುಮ್ಮನಿರುತ್ತದೆ, ಬಲೂನು ಮಾತ್ರ ಇನ್ನು ದೊಡ್ಡದಾಗುವುದಿಲ್ಲ. ಗ್ರಾಫಿನ ಮೂಲೆ 3.5 ಗ್ರಾಂ ಹತ್ತಿರ ಬಂದರೆ ವಿನೆಗರ್ ಶೇಕಡಾ 5ರದ್ದು ಎಂದರ್ಥ. ಈ ಹಿಮ್ಮುಖ ಲೆಕ್ಕವನ್ನು ಕೈಪಿಡಿ ಕೊನೆಯ ಪ್ರಶ್ನೆಯಾಗಿ ಕೇಳಿದೆ, ಒಳ್ಳೆಯ ಪ್ರಶ್ನೆ.

ಬೇಕಿಂಗ್ ಪೌಡರ್ ಬಳಸಬೇಡಿ ಎಂದು ಮಾತ್ರ ಎಲ್ಲೂ ಹೇಳಿಲ್ಲ. ಅದರಲ್ಲಿ ಸೋಡಾ ಜೊತೆ ಪಿಷ್ಟವೂ ಒಣ ಆಮ್ಲವೂ ಸೇರಿರುತ್ತವೆ, ಗ್ರಾಂನಿಂದ ಮೋಲಿಗೆ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ.

ಬಲೂನಿನ ಗಾತ್ರ ಅಳೆಯಲು ಅದರ ಸುತ್ತಳತೆಗೆ ದಾರ ಸುತ್ತಿ ಎಂದಿದ್ದಾರೆ. ಇದು ಅಂದಾಜಿಗೆ ಮಾತ್ರ. 0.0333 ಮೋಲ್ ಕಾರ್ಬನ್ ಡೈಆಕ್ಸೈಡ್ ಬೆಂಗಳೂರಿನಲ್ಲಿ 900 ಮಿ.ಲೀ.ಗಿಂತ ತುಸು ಹೆಚ್ಚು. ಗುಂಡಗೆ ಊದಿದರೆ ಸುತ್ತಳತೆ ಸುಮಾರು 37.6 ಸೆಂಟಿಮೀಟರ್. ದಾರ ಒಂದು ಸೆಂಟಿಮೀಟರ್ ಸಡಿಲವಾದರೆ ಗಾತ್ರದಲ್ಲಿ ಶೇಕಡಾ 8 ವ್ಯತ್ಯಾಸ. ಮೇಲಾಗಿ ಬಲೂನು ಯಾವತ್ತೂ ಗುಂಡಗಿರುವುದಿಲ್ಲ. ಜೊತೆಗೆ 50 ಮಿ.ಲೀ. ದ್ರಾವಣದಲ್ಲೇ ಒಂದೂವರೆ ಮಿಲಿಮೋಲಿನಷ್ಟು ಅನಿಲ ಕರಗಿ ಉಳಿಯುತ್ತದೆ. 2.8 ಗ್ರಾಂ ಪ್ರಯೋಗದಲ್ಲಿ ಇದು ಶೇಕಡಾ 5ಕ್ಕಿಂತ ಕಡಿಮೆ, 0.7 ಗ್ರಾಂನದರಲ್ಲಿ ಇರುವುದೇ 8.3 ಮಿಲಿಮೋಲ್, ಹಾಗಾಗಿ ನಷ್ಟ ಶೇಕಡಾ 18ರವರೆಗೆ ಹೋಗುತ್ತದೆ. ಗ್ರಾಫಿನ ಮೊದಲ ಬಿಂದು ಗೆರೆಯ ಕೆಳಗೆ ಬಿದ್ದರೆ ಗಾಬರಿ ಬೇಡ.

ಕೈಪಿಡಿಯ ದೊಡ್ಡ ತಪ್ಪು ಇದರ ಮುಂದಿನ ಪುಟದಲ್ಲಿದೆ. ಬಲೂನು ಕಟ್ಟಿದ ಫ್ಲಾಸ್ಕನ್ನು ಕ್ರಿಯೆಗೆ ಮೊದಲು ಮತ್ತು ಆಮೇಲೆ ತೂಗಿ, ತೂಕ ಬದಲಾಗುವುದಿಲ್ಲ, ದ್ರವ್ಯರಾಶಿ ಸಂರಕ್ಷಣಾ ನಿಯಮ ಸಾಬೀತು ಎನ್ನುತ್ತದೆ. ಈ ತಕ್ಕಡಿಯಲ್ಲಿ ತೂಗಿದರೆ ಕ್ರಿಯೆಯ ನಂತರ ಹತ್ತಿರ ಹತ್ತಿರ ಒಂದು ಗ್ರಾಂ ಕಡಿಮೆ ತೋರಿಸುತ್ತದೆ. ಬಲೂನು ಸೋರಿತು ಎಂದು ಹುಡುಗರು ದಾರ ಬಿಗಿಯುತ್ತಾ ಕೂರುತ್ತಾರೆ. ಸೋರಿಲ್ಲ. ಉಬ್ಬಿದ ಬಲೂನು 900 ಮಿ.ಲೀ. ಗಾಳಿಯನ್ನು ಪಕ್ಕಕ್ಕೆ ಸರಿಸಿದೆ, ಆ ಗಾಳಿಯ ತೂಕದಷ್ಟು ಮೇಲ್ಮುಖ ಬಲ ಅದರ ಮೇಲಿದೆ. ಬೆಂಗಳೂರಿನ ಗಾಳಿ ಲೀಟರಿಗೆ ಸುಮಾರು 1.06 ಗ್ರಾಂ, ಲೆಕ್ಕ ಸರಿಹೋಯಿತು. ದ್ರವ್ಯರಾಶಿ ಎಲ್ಲೂ ಹೋಗಿಲ್ಲ, ಆರ್ಕಿಮಿಡೀಸ್ ಮಾತ್ರ ಮಧ್ಯೆ ಬಂದಿದ್ದಾನೆ. ಇದನ್ನು ತಪ್ಪಿಸಬೇಕಾದರೆ ಬಲೂನು ಬಿಟ್ಟು, ತೆರೆದ ಫ್ಲಾಸ್ಕಿನಲ್ಲಿ ಹೊರಹೋದ ಅನಿಲದ ತೂಕವನ್ನೇ ಅಳೆಯುವುದು ಉತ್ತಮ. ಪೂರ್ತಿ ಕ್ರಿಯೆಗೆ 1.47 ಗ್ರಾಂ ಇಳಿಯಬೇಕು. ಈ ವಿಧಾನಕ್ಕೆ ಊರಿನ ಒತ್ತಡದ ಗೊಡವೆ ಬಹುತೇಕ ಇಲ್ಲ. ಗಮನಿಸಬೇಕಾದ್ದು ಒಂದೇ: ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ಕ್ರಿಯೆ ಮುಗಿದ ಮೇಲೂ ಫ್ಲಾಸ್ಕಿನ ಖಾಲಿ ಜಾಗದಲ್ಲಿ ತುಂಬಿಕೊಂಡು 0.1 ಗ್ರಾಂ ಹೆಚ್ಚು ತೋರಿಸುತ್ತದೆ. ಬಾಯಿಂದ ಊದಬೇಡಿ, ಖಾಲಿ ಸಿರಿಂಜಿನಿಂದ ಎರಡು ಮೂರು ಸಲ ಗಾಳಿ ಹೊಡೆದು ಆಮೇಲೆ ತೂಗಿ.

ಬಿಳಿ ಗಸಿಯ ಪ್ರಯೋಗ, ಮತ್ತು ಕಳೆದುಹೋದ ಕಾಲುಭಾಗ

ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಸೋಡಿಯಂ ಕಾರ್ಬೊನೇಟ್ ಸೇರಿಸಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಗಸಿಯಾಗಿ ಇಳಿಯುತ್ತದೆ. ಒಂದಕ್ಕೊಂದು ಅನುಪಾತ. ಕೈಪಿಡಿ 2.22 ಗ್ರಾಂ ಕ್ಲೋರೈಡ್, 2.12 ಗ್ರಾಂ ಕಾರ್ಬೊನೇಟ್ ತೆಗೆದುಕೊಳ್ಳಲು ಹೇಳುತ್ತದೆ. ಎರಡೂ 0.0200 ಮೋಲ್, ಆದ್ದರಿಂದ 2.00 ಗ್ರಾಂ ಗಸಿ ಸಿಗಬೇಕು ಎನ್ನುತ್ತದೆ.

ಡಬ್ಬಿಯನ್ನು ತಿರುಗಿಸಿ ಚಿಕ್ಕ ಅಕ್ಷರ ಓದಿ. ಪೆಟ್ಟಿಗೆಯಲ್ಲಿ ಕೊಟ್ಟಿರುವುದು ಡೈಹೈಡ್ರೇಟ್. ನೀರಿಲ್ಲದ ಕ್ಯಾಲ್ಸಿಯಂ ಕ್ಲೋರೈಡಿನ ಮೋಲಾರ್ ದ್ರವ್ಯರಾಶಿ 111, ಎರಡು ನೀರಿನ ಅಣು ಹೊತ್ತಿರುವುದರದ್ದು 147. ಹಾಗಾಗಿ 2.22 ಗ್ರಾಂ ತೂಗಿದಾಗ ಕೈಗೆ ಬಂದದ್ದು 0.0151 ಮೋಲ್ ಅಷ್ಟೇ. ಕ್ಯಾಲ್ಸಿಯಂ ಲಿಮಿಟಿಂಗ್ ಆಗಿಬಿಡುತ್ತದೆ, ಗಸಿ 1.51 ಗ್ರಾಂಗೆ ನಿಲ್ಲುತ್ತದೆ. ಇಳುವರಿ ಶೇಕಡಾ 75 ಎಂದು ಬರೆದು, ಫಿಲ್ಟರ್ ಮಾಡುವಾಗ ಉಳಿದದ್ದು ಹೋಯಿತು ಎಂದು ಷರಾ ಹಾಕುವುದು ಸಾಮಾನ್ಯ. ಫಿಲ್ಟರ್ ಪೇಪರ್ ನಿರಪರಾಧಿ. 0.0200 ಮೋಲ್ ಬೇಕಾದರೆ ಈ ಡಬ್ಬಿಯಿಂದ 2.94 ಗ್ರಾಂ ತೂಗಬೇಕು, ಅದೂ ಬೇಗ ಬೇಗ. ಈ ಲವಣ ಗಾಳಿಯ ತೇವ ಹೀರುತ್ತದೆ, ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟರೆ ಅಂಟಂಟಾಗಿಬಿಡುತ್ತದೆ.

ವಿಚಿತ್ರವೆಂದರೆ, ಇದೇ ತಪ್ಪು, ಲಿಮಿಟಿಂಗ್ ರಿಯೇಜೆಂಟ್ ಪಾಠವನ್ನು ಕಲಿಸಲು ಅತ್ಯುತ್ತಮ ಅವಕಾಶವೂ ಹೌದು. ಸೋಸಿದ ತಿಳಿಯನ್ನು ಎರಡು ಪ್ರನಾಳಗಳಿಗೆ ಹಾಕಿ. ಒಂದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಎರಡು ಹನಿ, ಇನ್ನೊಂದಕ್ಕೆ ಸೋಡಿಯಂ ಕಾರ್ಬೊನೇಟ್ ಎರಡು ಹನಿ. ಮೊದಲನೆಯದು ಬೆಳ್ಳಗಾದರೆ ತಿಳಿಯಲ್ಲಿ ಕಾರ್ಬೊನೇಟ್ ಉಳಿದಿದೆ, ಕ್ಯಾಲ್ಸಿಯಂ ಮುಗಿದಿದೆ. ಎರಡನೆಯದು ಬೆಳ್ಳಗಾದರೆ ತಿರುಗಾಮುರುಗಾ. ತೂಕ, ಒಣಗಿಸುವಿಕೆ, ಶೇಕಡಾವಾರು ಯಾವುದೂ ಇಲ್ಲದೆ ಯಾವುದು ಮೊದಲು ಮುಗಿಯಿತು ಎನ್ನುವುದು ಒಂದೇ ನಿಮಿಷದಲ್ಲಿ ಕಾಣುತ್ತದೆ. ಕೈಪಿಡಿ ಈ ಪರೀಕ್ಷೆಗೆ ಎರಡು ಸಾಲು ಕೊಟ್ಟಿದೆ. ಎರಡು ಪುಟ ಕೊಡಬೇಕಿತ್ತು.

ಈ ಪರೀಕ್ಷೆಗೆ ನಲ್ಲಿ ನೀರು ಆಗದು. ಬೋರ್‌ವೆಲ್ ನೀರಿನ ಗಡಸುತನದಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತದೆ, ಸೋಡಿಯಂ ಕಾರ್ಬೊನೇಟ್ ಕರಗಿಸಿದಾಗಲೇ ದ್ರಾವಣ ಮಬ್ಬಾಗುತ್ತದೆ, ಆಮೇಲೆ ಯಾವ ಪ್ರನಾಳ ಬೆಳ್ಳಗಾದರೂ ನಂಬುವಂತಿಲ್ಲ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ಸಾಕು. ಮನೆಯ ಆರ್.ಓ. ನೀರಾದರೂ ನಡೆದೀತು, ಅದರಲ್ಲಿ ಮೊದಲು ಕಾರ್ಬೊನೇಟ್ ಕರಗಿಸಿ ಮಬ್ಬಾಗುವುದಿಲ್ಲ ಎಂದು ನೋಡಿಕೊಳ್ಳಿ.

ಗಸಿ ಒಣಗಿಸುವ ವಿಷಯಕ್ಕೂ ಒಂದು ಮಾತು. 12.5 ಸೆಂಟಿಮೀಟರ್ ಫಿಲ್ಟರ್ ಪೇಪರಿನ ತೂಕವೇ ಒಂದು ಗ್ರಾಂ ಚಿಲ್ಲರೆ, ಅದು ಹವೆಗೆ ತಕ್ಕಂತೆ ತೇವ ಹೀರಿ ಬಿಡುತ್ತಿರುತ್ತದೆ. ಖಾಲಿ ಪೇಪರ್ ಒಂದನ್ನು ಅದೇ ನೀರಿನಲ್ಲಿ ನೆನೆಸಿ, ಗಸಿಯ ಪೇಪರಿನ ಪಕ್ಕದಲ್ಲೇ ಒಣಗಿಸಿ, ಅದರ ತೂಕದಲ್ಲಿ ಆದ ವ್ಯತ್ಯಾಸವನ್ನು ಕಳೆಯಿರಿ. ಎರಡು ಸಲ ತೂಗಿದಾಗ ಒಂದೇ ಅಂಕಿ ಬರುವವರೆಗೆ ಒಣಗಿಲ್ಲವೆಂದೇ ಲೆಕ್ಕ.

ಮೈಲುತುತ್ತ ಮತ್ತು ಸ್ಟೀಲ್ ವುಲ್ ಪ್ರಯೋಗ ಪೆಟ್ಟಿಗೆಯಲ್ಲಿ ದುರ್ಬಲವಾದದ್ದು. 2.50 ಗ್ರಾಂ ಮೈಲುತುತ್ತ 0.0100 ಮೋಲ್, ಅದಕ್ಕೆ 0.56 ಗ್ರಾಂ ಕಬ್ಬಿಣ ಸಮ. ಕಬ್ಬಿಣ ಹೆಚ್ಚಾದರೆ ನೀಲಿ ಬಣ್ಣ ಹೋಗುತ್ತದೆ, ಕಡಿಮೆಯಾದರೆ ನೀಲಿ ಉಳಿಯುತ್ತದೆ. ಇಷ್ಟು ನೋಡಲು ಚೆನ್ನ. ಬೇರ್ಪಟ್ಟ ತಾಮ್ರವನ್ನು ತೂಗಲು ಹೋದರೆ ಉಳಿದ ಕಬ್ಬಿಣವೂ ಅದರಲ್ಲೇ ಬೆರೆತಿರುತ್ತದೆ. ತೂಗಲೇಬೇಕಾದರೆ ಕಬ್ಬಿಣ ಕಡಿಮೆಯಿರುವ ಸರದಿಯಲ್ಲಿ ತೂಗಿ. ಸ್ಟೀಲ್ ವುಲ್ ಮೇಲಿನ ಎಣ್ಣೆಯನ್ನು ಸೋಪಿನಿಂದ ತೊಳೆಯದಿದ್ದರೆ ಕ್ರಿಯೆ ಶುರುವಾಗುವುದೇ ತಡ. ನೀಲಿ ದ್ರಾವಣವನ್ನು ಸಿಂಕಿಗೆ ಚೆಲ್ಲಬೇಡಿ, ವಾಷಿಂಗ್ ಸೋಡಾ ಹಾಕಿ ಗಸಿ ಇಳಿಸಿ ಅದನ್ನು ಬೇರೆ ಎತ್ತಿಡಿ.

ಅಭ್ಯಾಸ ಪುಸ್ತಕ

ಎರಡು ಇಡ್ಲಿಗೆ ಒಂದು ವಡೆಯಂತೆ ಪ್ಲೇಟ್ ಕಟ್ಟಿದರೆ 50 ಇಡ್ಲಿ, 20 ವಡೆಯಲ್ಲಿ ಎಷ್ಟು ಪ್ಲೇಟ್ ಎಂಬ ಪ್ರಶ್ನೆಯಿಂದ ಶುರು. ಇಪ್ಪತ್ತು ಪ್ಲೇಟ್, ಹತ್ತು ಇಡ್ಲಿ ಉಳಿಕೆ. ಸರಿ. ಆದರೆ ದರ್ಶಿನಿಯಲ್ಲಿ ಎಣಿಸುತ್ತೇವೆ, ಲ್ಯಾಬಿನಲ್ಲಿ ತೂಗುತ್ತೇವೆ. ಗ್ರಾಂನಿಂದ ಮೋಲಿಗೆ ಹೋಗುವ ಹೆಜ್ಜೆಯಲ್ಲೇ ಮಕ್ಕಳು ತಪ್ಪುವುದು, ಆ ಹೆಜ್ಜೆಗೆ ಪುಸ್ತಕ ಅರ್ಧ ಪುಟವಷ್ಟೇ ಇಟ್ಟಿದೆ.

ವಿಧಾನ ಮಾತ್ರ ಸರಿಯಾದದ್ದನ್ನೇ ಕಲಿಸುತ್ತದೆ: ಸಮೀಕರಣ ಸರಿದೂಗಿಸಿ, ಪ್ರತಿ ಪ್ರತಿವರ್ತಕದ (ರಿಯೇಜೆಂಟಿನ) ಮೋಲ್ ಕಂಡುಹಿಡಿದು, ಅದನ್ನು ಸಮೀಕರಣದಲ್ಲಿ ಅದರ ಮುಂದಿರುವ ಸಂಖ್ಯೆಯಿಂದ ಭಾಗಿಸಿ, ಯಾವುದು ಚಿಕ್ಕದೋ ಅದೇ ಲಿಮಿಟಿಂಗ್. ಮುಂದಿನ ಲೆಕ್ಕವೆಲ್ಲ ಅದರಿಂದಲೇ. ಮೊದಲ ಉದಾಹರಣೆ ಎಲ್ಲರಿಗೂ ಪರಿಚಿತವಾದ ಅಮೋನಿಯಾ ಲೆಕ್ಕ: 50 ಕಿಲೋ ನೈಟ್ರೋಜನ್, 10 ಕಿಲೋ ಹೈಡ್ರೋಜನ್. ನೈಟ್ರೋಜನ್ 1,786 ಮೋಲ್, ಒಂದರಿಂದ ಭಾಗಿಸಿದರೆ ಅಷ್ಟೇ. ಹೈಡ್ರೋಜನ್ 4,960 ಮೋಲ್, ಮೂರರಿಂದ ಭಾಗಿಸಿದರೆ 1,653. ಹೈಡ್ರೋಜನ್ ಲಿಮಿಟಿಂಗ್, ಅಮೋನಿಯಾ ಸುಮಾರು 56 ಕಿಲೋ, 3.7 ಕಿಲೋ ನೈಟ್ರೋಜನ್ ಉಳಿಕೆ.

ಮೋಲ್ ಕಡಿಮೆ ಇರುವುದೇ ಲಿಮಿಟಿಂಗ್ ಎಂದು ತಿಳಿದವರನ್ನು ಈ ಲೆಕ್ಕ ಹಿಡಿಯುತ್ತದೆ. ಆದರೆ ತೂಕ ಕಡಿಮೆ ಇರುವುದೇ ಲಿಮಿಟಿಂಗ್ ಎಂದು ತಿಳಿದವರಿಗೆ ಅದೃಷ್ಟವಶಾತ್ ಸರಿ ಉತ್ತರವನ್ನೇ ಕೊಡುತ್ತದೆ, ತಪ್ಪು ಗಟ್ಟಿಯಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಇರಬೇಕಿತ್ತು: 10 ಗ್ರಾಂ ಹೈಡ್ರೋಜನ್, 64 ಗ್ರಾಂ ಆಕ್ಸಿಜನ್, ನೀರು ಎಷ್ಟು? ಹೈಡ್ರೋಜನ್ 5 ಮೋಲ್, ಎರಡರಿಂದ ಭಾಗಿಸಿದರೆ 2.5. ಆಕ್ಸಿಜನ್ 2 ಮೋಲ್, ಭಾಗಿಸಿದರೂ 2. ಆರು ಪಟ್ಟು ಭಾರವಿರುವ ಆಕ್ಸಿಜನ್ನೇ ಮೊದಲು ಮುಗಿಯುತ್ತದೆ. ನೀರು 72 ಗ್ರಾಂ, ಹೈಡ್ರೋಜನ್ 2 ಗ್ರಾಂ ಉಳಿಕೆ. ಒಟ್ಟು 74, ಹಾಕಿದ್ದೂ 74. ಉತ್ಪನ್ನ ಮತ್ತು ಉಳಿಕೆ ಕೂಡಿದರೆ ಹಾಕಿದ ತೂಕ ಬರಬೇಕು ಎನ್ನುವ ಈ ತಾಳೆ ನೋಡುವ ಕ್ರಮ ಇಡೀ ಪುಸ್ತಕದಲ್ಲಿ ಎಲ್ಲೂ ಇಲ್ಲ. ಪರೀಕ್ಷೆಯಲ್ಲಿ ಹತ್ತು ಸೆಕೆಂಡಿನಲ್ಲಿ ತಪ್ಪು ಹಿಡಿಯುವ ದಾರಿ ಅದೊಂದೇ.

ಒಂದು ಮೋಲ್ ಅನಿಲಕ್ಕೆ 22.4 ಲೀಟರೋ 22.7 ಲೀಟರೋ ಎಂಬ ಗೊಂದಲವನ್ನೂ ಪುಸ್ತಕ ಬಿಡಿಸಿಲ್ಲ. 1982ರಲ್ಲಿ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿ ಮಾನಕ ಒತ್ತಡವನ್ನು ಒಂದು ಅಟ್ಮಾಸ್ಫಿಯರಿನಿಂದ ಒಂದು ಬಾರ್‌ಗೆ ಬದಲಿಸಿತು, ಅಲ್ಲಿಂದ 22.7 ಬಂತು. ಪ್ರಶ್ನೆಯಲ್ಲಿ ಯಾವುದು ಕೊಟ್ಟಿದೆಯೋ ಅದನ್ನು ಹಾಕಿ. ಪ್ರಯೋಗದ ಟೇಬಲ್ಲಿನ ಮೇಲೆ ಎರಡೂ ಬೇಡ, ಮೇಲೆ ಹೇಳಿದ 28.5 ಹಾಕಿ.

ಯಾರು ಕೊಳ್ಳಬಹುದು? ನಾಲ್ಕೈದು ಮಕ್ಕಳಿಗೆ ಮನೆಪಾಠ ಹೇಳುವವರಿಗೆ, ಸಣ್ಣ ಟ್ಯೂಷನ್ ಸೆಂಟರುಗಳಿಗೆ ಧಾರಾಳವಾಗಿ ಹೇಳುತ್ತೇವೆ, ಕೊಳ್ಳಿ. ಒಬ್ಬ ವಿದ್ಯಾರ್ಥಿಗಾದರೆ ತಕ್ಕಡಿಯನ್ನು ಎಸ್.ಪಿ. ರಸ್ತೆಯಲ್ಲಿ, 50 ಮಿ.ಲೀ. ಸಿರಿಂಜನ್ನು ಮೆಡಿಕಲ್ ಸ್ಟೋರಿನಲ್ಲಿ, ಸೋಡಾ ಮತ್ತು ವಿನೆಗರನ್ನು ದಿನಸಿ ಅಂಗಡಿಯಲ್ಲಿ ತಂದರೆ ವಿನೆಗರ್ ಪ್ರಯೋಗವನ್ನು ತೂಕ ಇಳಿಯುವ ವಿಧಾನದಲ್ಲಿ ಪೂರ್ತಿ ಮಾಡಬಹುದು, ಖರ್ಚೂ ಕಡಿಮೆ. ಆಮ್ಲದ ಪ್ರಯೋಗವನ್ನು ಕಾಲೇಜಿನ ಲ್ಯಾಬಿನಲ್ಲಿ ಲೆಕ್ಚರರ್ ಎದುರು ಮಾಡಿದರೆ ಸಾಕು. ಸಿರಿಂಜ್ 50ರದ್ದಾದರೆ ರಿಬ್ಬನ್ 3.5 ಸೆಂಟಿಮೀಟರಿಗೆ, ಆಮ್ಲವನ್ನೂ ಅರ್ಧಕ್ಕೆ ಇಳಿಸಿ.

ಪೆಟ್ಟಿಗೆಯನ್ನೇ ಕೊಳ್ಳುವುದಾದರೆ ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಮೂರು ನೋಡಿ. ಸಿರಿಂಜಿನ ಮೂತಿಯನ್ನು ಬೆರಳಿನಿಂದ ಮುಚ್ಚಿ ಪಿಸ್ಟನ್ ಎಳೆದು ಬಿಟ್ಟರೆ ಅದು ಸೊನ್ನೆಯ ಹತ್ತಿರಕ್ಕೆ ವಾಪಸು ಬರಬೇಕು. ಮಧ್ಯದಲ್ಲೇ ನಿಂತರೆ ಸೋರಿಕೆ ಅಥವಾ ಹಿಡಿತ, ಬೇರೆ ಕೇಳಿ. ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಅಲ್ಲಾಡಿಸಿದರೆ ಹರಳು ಸದ್ದು ಮಾಡಬೇಕು, ಗಟ್ಟಿ ಉಂಡೆಯಾಗಿದ್ದರೆ ಅದು ಆಗಲೇ ನೀರು ಕುಡಿದಿದೆ. ಆಮ್ಲದ ಬಾಟಲಿಯ ಮೇಲೆ 2 ಮೋಲಾರ್ ಎಂಬ ಬರಹದ ಜೊತೆ ತಯಾರಿಸಿದ ತಾರೀಖು ಇರಬೇಕು. ಕೆಲವು ಪೆಟ್ಟಿಗೆಗಳಲ್ಲಿ ಬರೀ ಡೈಲ್ಯೂಟ್ ಎಂದಷ್ಟೇ ಬರೆದಿದೆ. ಸಾಂದ್ರತೆ ಗೊತ್ತಿಲ್ಲದ ಆಮ್ಲದಿಂದ ಮೋಲ್ ಅನುಪಾತ ತೆಗೆಯಲು ಬರುವುದಿಲ್ಲ, ಆ ಬಾಟಲಿ ಬದಲಿಸಿಕೊಡಿ ಎಂದು ಕೇಳಿ.